ಕೈ ಹಸಿರು, ಬಚ್ಚಲು ಕೆಂಪು

ಇಳಕಲ್ಲ,
ಶುಕ್ರವಾರ, ೧೪ ಫೆಬ್ರುವರಿ ೨೦೨೫

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಶಂಕ್ರಪ್ಪನ ಶರಣು. ನೀನು ಹೇಗಿದ್ದೀಯ? ಬಲಗಿವಿಯಾದರೂ ನೆಟ್ಟಗೆ ಕೇಳುತ್ತಿದೆಯೋ, ಅದೂ ಎಡಗಿವಿಯ ದಾರಿ ಹಿಡಿಯಿತೋ? ಬಿ.ಪಿ. ಮಾತ್ರೆಯನ್ನು ದಿನಾ ನುಂಗುತ್ತಿದ್ದೀಯೋ ಅಥವಾ "ತಲಿ ತಿರುಗಿದ ದಿನ ನುಂಗತೇನಿ" ಎಂಬ ನಿನ್ನ ಹಳೆಯ ಪದ್ಧತಿಯೇ ನಡೆದಿದೆಯೋ? ನಿನ್ನ ಯಜಮಾನರು, ನಮ್ಮ ಮಾವನವರು, ಈ ಸಲದ ಚಳಿಯಲ್ಲಿ ಮೊಣಕಾಲು ಹಿಡಿದುಕೊಂಡು ಎಷ್ಟು ಸಲ ಕೂಗಾಡಿದರು? ಬೇವೂರಿನ ಕಡೆ ಜೋಳ ಚೆನ್ನಾಗಿ ಬಂದಿದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಎಳೆ ತೆನೆಯ ಸೀತನಿಗೆ ನನ್ನನ್ನು ಕರೆಯದೆ ನೀವು ನೀವೇ ಸುಟ್ಟು ತಿಂದಿದ್ದೀರಿ, ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಾನು ಊಟ ಮಾಡುತ್ತಿದ್ದೇನೆ, ನಡೆದಾಡುತ್ತಿದ್ದೇನೆ, ನನ್ನ ಮನೆಯವಳು ನಾಗರತ್ನಾಳೂ ಆರಾಮ ಇದ್ದಾಳೆ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ಈ ಕಾಲದಲ್ಲಿ ಕೈಬರಹದ ಪತ್ರ ಬಂದರೆ ಎದೆ ಧಸಕ್ಕೆನ್ನುವುದು ನನಗೆ ಗೊತ್ತು. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನೀನು ಕಲಿತದ್ದು ನಾಲ್ಕನೇ ಇಯತ್ತೆಯಾದರೂ ಓದಲು ಯಾರ ಹಂಗೂ ಬೇಕಿಲ್ಲ. ಹಿತ್ತಲಿನಲ್ಲಿ ಕೂತು ಒಬ್ಬಳೇ ಓದು. ಮೊಮ್ಮಕ್ಕಳ ಕೈಗೆ ಕೊಟ್ಟು ಓದಿಸಬೇಡ.

ಫೋನಿನಲ್ಲಿ ಹೇಳಲು ಪ್ರಯತ್ನ ಮಾಡದೆ ಇಲ್ಲ. ಹದಿನೈದು ದಿನಗಳ ಹಿಂದೆ ಮಾಡಿದ್ದೆನಲ್ಲ, ನೆನಪಿದೆಯೇ? "ಅಕ್ಕಾ, ಮೂತ್ರಚೀಲದಾಗ ಏನೋ ತೊಂದರಿ ಐತೆಂತ" ಎಂದು ನಾನು ಹೇಳಿದರೆ ನೀನು "ಮಾತ್ರಿ ಚೀಲ ಕಳದೇನು? ಬಸ್ಸಿನ್ಯಾಗ ಬಿಟ್ಟ ಬಂದೇನು?" ಎಂದೆ. ಇನ್ನಷ್ಟು ಗಟ್ಟಿಯಾಗಿ ಹೇಳಿದೆ. "ಹೋಗಲಿ ಬಿಡೋ ತಮ್ಮಾ, ಮಾತ್ರಿ ಮತ್ತ ಸಿಗತಾವ, ಚೀಲ ನಾ ಹೊಲದ ಕೊಡತೇನಿ" ಎಂದೆ. ನಾನಾಗ ಹುನಗುಂದದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಮೂರನೆಯ ಸಲ ಕೂಗುವಷ್ಟರಲ್ಲಿ ಸುತ್ತಲಿನ ಏಳೆಂಟು ಜನಕ್ಕೆ ನನ್ನ ಮೂತ್ರಚೀಲದ ವಿಷಯ ತಿಳಿದಿತ್ತು, ನಿನಗೊಬ್ಬಳಿಗೆ ಬಿಟ್ಟು. ಒಬ್ಬ ಮುದುಕರಂತೂ ಎದ್ದು ನನಗೆ ಕೂರಲು ಜಾಗ ಬಿಟ್ಟುಕೊಟ್ಟರು. ಹೋದ ವಾರ ನೀನು ಖರೇನೇ ಹೊಲಿದು ಕಳಿಸಿದ ಚೀಲ ಬಂದು ಮುಟ್ಟಿತು. ಭಾಳ ಚೆನ್ನಾಗಿದೆ, ಒಳಗೊಂದು ಜೇಬು ಇಟ್ಟಿದ್ದೀಯ. ನನ್ನ ದವಾಖಾನೆಯ ಕಾಗದಗಳನ್ನೆಲ್ಲ ಅದರಲ್ಲೇ ಹಾಕಿದ್ದೇನೆ.

ಸುದ್ದಿ ಇಷ್ಟು. ನನ್ನ ಮೂತ್ರಚೀಲದ ಒಳಗೋಡೆಯಲ್ಲಿ ಕಡಲೆಕಾಳಿನಷ್ಟು ದೊಡ್ಡದೊಂದು ಗಂಟು ಇತ್ತು. ಫೆಬ್ರುವರಿ ಐದರಂದು ಬಾಗಲಕೋಟೆಯಲ್ಲಿ ದುರ್ಬೀನು ಹಾಕಿ ನೋಡಿ, ಅದನ್ನು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅದು ಸಾದಾ ಗಂಟೋ, ಕ್ಯಾನ್ಸರೋ, ಕ್ಯಾನ್ಸರಾದರೆ ಗೋಡೆಯ ಮೇಲಷ್ಟೇ ಇದೆಯೋ ಒಳಗೂ ಇಳಿದಿದೆಯೋ, ಇದೆಲ್ಲ ಬರುವ ಗುರುವಾರ, ಇಪ್ಪತ್ತನೆಯ ತಾರೀಖು, ರಿಪೋರ್ಟು ಬಂದ ಮೇಲೆ ಗೊತ್ತಾಗುತ್ತದೆ. ನಡುವೆ ಉಳಿದಿರುವುದು ಕಾಯುವ ಕೆಲಸ. ಕ್ಯಾನ್ಸರ್ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ನಾನೊಬ್ಬನೇ ಬಾಯಿಬಿಟ್ಟು ಹೇಳುತ್ತೇನೆ. ನಾಗರತ್ನಾ "ಅದು" ಎನ್ನುತ್ತಾಳೆ. ಮಗ ವಿಜಯಮಹಾಂತೇಶ "ಪಾಸಿಟಿವ್ ಬಂದ್ರ" ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸುತ್ತಾನೆ. ನಾನು ಹೇಳುತ್ತೇನೆ, ಏಕೆಂದರೆ ನೂಲಿಗೆ ಬಣ್ಣ ಹಾಕುವವನು ನಾನು, ಬಣ್ಣಕ್ಕೆ ಹೆಸರಿಡದೆ ಯಾವತ್ತೂ ಹಂಡೆಗೆ ಉರಿ ಹಚ್ಚಿದವನಲ್ಲ.

ಇದು ಹೇಗೆ ಗೊತ್ತಾಯಿತು ಎಂಬುದು ನಗುವ ಸಂಗತಿ. ನಮ್ಮ ಬಚ್ಚಲು ನಿನಗೆ ಗೊತ್ತಿದೆ. ಸೀರೆಯ ಸೆರಗಿಗೆ ದಾಳಿಂಬೆ ಕೆಂಪು ಹಾಕಿ ಹಾಕಿ, ಸಂಜೆ ಕೈಕಾಲು ತೊಳೆದು ತೊಳೆದು, ಅಲ್ಲಿನ ಕಲ್ಲಿನ ಸಂದಿಗಳೆಲ್ಲ ಕೆಂಪಾಗಿ ಎಷ್ಟು ವರ್ಷವಾಯಿತೋ. ನಮ್ಮ ಬಚ್ಚಲಿನಿಂದ ಕೆಂಪು ನೀರು ಹರಿದರೆ ಓಣಿಯ ನಾಯಿಯೂ ತಿರುಗಿ ನೋಡುವುದಿಲ್ಲ. ದೀಪಾವಳಿಯಾದ ಮೇಲೆ ಮೂತ್ರಕ್ಕೆ ಕೂತಾಗ ಒಮ್ಮೊಮ್ಮೆ ಕೆಂಪು ಕಾಣಿಸತೊಡಗಿತು. ಬೇರೆ ಮನೆಯ ಗಂಡಸಾಗಿದ್ದರೆ ಮೊದಲ ದಿನವೇ ಕೂಗಿಕೊಳ್ಳುತ್ತಿದ್ದ. ನಾನು ಕಾಲಿನ ಬಣ್ಣ ಬಿಡುತ್ತಿದೆ ಎಂದುಕೊಂಡು ಒಂದು ತಂಬಿಗೆ ನೀರು ಹೆಚ್ಚು ಸುರಿದು ಎದ್ದು ಬಂದೆ. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಎರಡು ದಿನ ಕಾಣುತ್ತಿತ್ತು, ನಾಲ್ಕು ದಿನ ಇರುತ್ತಿರಲಿಲ್ಲ. ಹೀಗೆ ಎರಡು ತಿಂಗಳು ಹೋಯಿತು. ಮೇಲಾಗಿ ಬಚ್ಚಲು ಸರಿಯಾಗಿ ತಿಕ್ಕುವುದಿಲ್ಲ ಎಂದು ನಾಗರತ್ನಾಳ ಮೇಲೆ ರೇಗಿದೆ. ಅವಳು ಸೋಡಾ ಹಾಕಿ ತಿಕ್ಕಿದಳು ಪಾಪ.

ಸಂಕ್ರಮಣ ಮುಗಿದ ವಾರ ಹುನಗುಂದದ ಒಬ್ಬ ವ್ಯಾಪಾರಿಯ ಬೇಡಿಕೆ ಬಂದಿತ್ತು, ಪೂರ್ತಿ ನವಿಲು ಹಸಿರು. ಎಂಟು ದಿನ ಹಸಿರೇ ಹಸಿರು. ಕೆಂಪಿನ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಆರನೆಯ ದಿನ ಮಧ್ಯಾಹ್ನ ಬಚ್ಚಲಿಗೆ ಹೋದೆ. ಕೈ ನೋಡಿಕೊಂಡರೆ ಮೊಣಕೈತನಕ ಹಸಿರು, ಪಾದ ಹಸಿರು, ಕೆಳಗೆ ಕಲ್ಲಿನ ಮೇಲೆ ಕೆಂಪು. ಹಸಿರಿನಿಂದ ಕೆಂಪು ಬರುವುದಿಲ್ಲ ಎಂಬುದು ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿರಲಿಲ್ಲ. ಕೈಯನ್ನೊಮ್ಮೆ, ಕಲ್ಲನ್ನೊಮ್ಮೆ ನೋಡುತ್ತಾ ನಿಂತೆ. ಹೊರಗೆ ನಾಗರತ್ನಾ "ಒಳಗ ನಿದ್ದಿ ಹತ್ತಿತೇನ್ರಿ?" ಎಂದು ಕೂಗಿದಳು. ಹೊರಗೆ ಬಂದು, ಉಳಿದ ನೂಲಿನ ಲಡಿಗಳನ್ನು ಅದ್ದಿ, ಹಿಂಡಿ, ಒಣಹಾಕಿ, ಆಮೇಲೆ ಅವಳಿಗೆ ಹೇಳಿದೆ. ಕೆಲಸ ಮುಗಿಸಿ ಯಾಕೆ ಹೇಳಿದಿರಿ ಎಂದು ಅವಳಿಗೆ ಈಗಲೂ ಸಿಟ್ಟಿದೆ. ಅರ್ಧಕ್ಕೆ ಬಿಟ್ಟರೆ ಬಣ್ಣ ಪಟ್ಟೆ ಪಟ್ಟೆಯಾಗುತ್ತಿತ್ತು, ಇನ್ನೇನು ಮಾಡಲಿ?

ಅವಳು ಮೊದಲು ಇದು ಉಷ್ಣ ಎಂದು ತೀರ್ಮಾನಿಸಿ ನಾಲ್ಕು ದಿನ ಕೊತ್ತಂಬರಿ ಬೀಜ ನೆನೆಹಾಕಿದ ನೀರು ಕುಡಿಸಿದಳು. ಐದನೆಯ ದಿನ ನಮ್ಮ ಊರಿನ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮುಖ ನೋಡದೆ "ಬಾಗಲಕೋಟಿಗೆ ತೋರಿಸ್ರಿ, ತಡಾ ಮಾಡಬ್ಯಾಡ್ರಿ" ಎಂದರು. ಬಾಗಲಕೋಟೆಯ ಡಾಕ್ಟರು ಸಣ್ಣ ವಯಸ್ಸಿನವರು, ವಿಜಯಮಹಾಂತೇಶನಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಬೀಡಿ ಸೇದ್ತೀರೇನು ಎಂದು ಕೇಳಿದರು. ಇಲ್ಲ ಎಂದೆ. ತಂಬಾಕು? ಇಲ್ಲ. ಕೆಲಸ? ಬಣ್ಣ ಹಾಕುವುದು, ಸೀರೆಯ ನೂಲಿಗೆ, ನಲವತ್ತೈದು ವರ್ಷದಿಂದ ಎಂದೆ. ಅವರು ಬರೆದುಕೊಂಡು ಅದರ ಕೆಳಗೆ ಒಂದು ಗೆರೆ ಎಳೆದರು. ಹಳೆಯ ಕಾಲದ ಕೆಲವು ಬಣ್ಣದ ಪುಡಿಗಳು ಚರ್ಮದಿಂದ, ಉಸಿರಿನಿಂದ ಒಳಗೆ ಹೋಗಿ ಮೂತ್ರಚೀಲದಲ್ಲಿ ತಂಗುತ್ತವೆ, ಇಪ್ಪತ್ತು ಮೂವತ್ತು ವರ್ಷದ ಮೇಲೂ ತೊಂದರೆ ಕೊಡುತ್ತವೆ ಎಂದು ತಿಳಿಸಿ ಹೇಳಿದರು. "ಎಲ್ಲಾರಿಗೂ ಬರತೈತಿ ಅಂತಲ್ರಿ. ನಿಮಗ ಬಂದೈತಿ ಅಂತನೂ ನಾ ಇನ್ನಾ ಹೇಳಂಗಿಲ್ಲ" ಎಂದರು. ಒಳ್ಳೆಯ ಮನುಷ್ಯ. ಹೇಳಬಾರದ್ದನ್ನು ಹೇಳಲಿಲ್ಲ, ಹೇಳಬೇಕಾದ್ದನ್ನು ಮುಚ್ಚಿಡಲಿಲ್ಲ. ನಾನು ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಮೂತ್ರಪಿಂಡವನ್ನು ನೋಡುತ್ತಾ ಕೂತಿದ್ದೆ. ಅದಕ್ಕೆ ಹಚ್ಚಿದ ಕೆಂಪು ಸರಿಯಿರಲಿಲ್ಲ, ಇಟ್ಟಿಗೆಯ ಕಡೆಗೆ ವಾಲಿತ್ತು.

ದುರ್ಬೀನಿನ ವಿಷಯ ಹೆಚ್ಚು ಬರೆಯುವುದಿಲ್ಲ. ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ ಗೊತ್ತಾಗಲಿಲ್ಲ. ಆಮೇಲೆ ಎರಡು ದಿನ ಕೊಳವೆ ಹಾಕಿ, ಮಂಚದ ಪಕ್ಕಕ್ಕೆ ಒಂದು ಚೀಲ ತೂಗುಹಾಕಿದ್ದರು. ಮೂತ್ರದೊಂದಿಗೆ ರಕ್ತ ಅದರಲ್ಲಿ ಇಳಿಯುತ್ತಿತ್ತು. ನರ್ಗೀಸ ಎಂಬ ನರ್ಸು ಗಂಟೆಗೊಮ್ಮೆ ಬಂದು "ಬಣ್ಣ ಹ್ಯಾಂಗ ಐತ್ರಿ ಕಾಕಾ?" ಎಂದು ಕೇಳುತ್ತಿದ್ದಳು. ನಲವತ್ತೈದು ವರ್ಷದಲ್ಲಿ ಈ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟವನಲ್ಲ. ಮೊದಲ ದಿನ "ದಾಳಿಂಬರಿ ಐತಿ, ಗಟ್ಟಿ ಐತಿ" ಎಂದೆ. ಮರುದಿನ ಬೆಳಿಗ್ಗೆ "ಎರಡನೇ ನೀರಿಗೆ ಬಂದೈತಿ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಬಣ್ಣ ಹಾಕಿದ ನೂಲನ್ನು ಮೊದಲ ನೀರಿನಲ್ಲಿ ತೊಳೆದರೆ ಎಷ್ಟು ಬಿಡುತ್ತದೆ, ಎರಡನೆಯ ನೀರಿಗೆ ಎಷ್ಟು, ಮೂರನೆಯ ನೀರಿಗೆ ಹೇಗೆ ತಿಳಿಯಾಗುತ್ತದೆ ಎಂದು ಮಲಗಿದಲ್ಲೇ ಪಾಠ ಮಾಡಿದೆ. ಸಂಜೆಯಷ್ಟರಲ್ಲಿ ವಾರ್ಡಿನ ಆಚೆ ತುದಿಯ ರೋಗಿಯೂ "ಸಿಸ್ಟರ್, ನಂದು ಮೂರನೇ ನೀರಿಗೆ ಬಂತ್ರಿ" ಎಂದು ಕೂಗುತ್ತಿದ್ದ. ನರ್ಗೀಸ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ನಕ್ಕರೆ ಕೊಳವೆ ಎಳೆದು ನೋಯುತ್ತಿತ್ತು. ಬಿಡುಗಡೆಯ ದಿನ ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸು ನಿಂತಾಗ ನಾಗರತ್ನಾ ಇಳಿದು ಕರದಂಟು ತಂದಳು. ತಿನ್ನುವುದಕ್ಕಲ್ಲ, ಗುರುವಾರ ಹೋದಾಗ ನರ್ಗೀಸಳಿಗೆ ಕೊಡಲಿಕ್ಕಂತೆ. ಹನ್ನೆರಡು ದಿನ ಕರದಂಟನ್ನು ಮುಟ್ಟದೆ ಡಬ್ಬಿಯಲ್ಲಿಡುವ ಹೆಂಗಸು ಅವಳೊಬ್ಬಳೇ.

ಮನೆಗೆ ಬಂದ ಮೇಲೆ ಕಾಯುವುದು ಶುರುವಾಯಿತು. ಇದೊಂದು ವಿಚಿತ್ರ ಕೆಲಸ ಅಕ್ಕಾ. ಮಾಡಲು ಏನೂ ಇರುವುದಿಲ್ಲ, ಆದರೆ ದಣಿವಾಗುತ್ತದೆ. ಭಾರ ಎತ್ತಬಾರದು, ಬಿಸಿ ಹಂಡೆಯ ಹತ್ತಿರ ಹೋಗಬಾರದು, ನೀರು ಮಾತ್ರ ಸಿಕ್ಕಾಪಟ್ಟೆ ಕುಡಿಯಬೇಕು. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಎದ್ದು ನಿಲ್ಲುತ್ತೇನೆ. ರಿಪೋರ್ಟು ಬೇಗ ಬಂದಿರಬಹುದು ಎಂದು ಎರಡೂ ಕೈಯಿಂದ ಹಿಡಿದು "ಹೇಳ್ರಿ" ಎಂದರೆ ಆ ಕಡೆ ಒಬ್ಬ ಹುಡುಗಿ ಹೊಸ ರಿಚಾರ್ಜಿನ ಬಗ್ಗೆ ಹಾಡುತ್ತಿರುತ್ತಾಳೆ. ಅದನ್ನು ಪೂರ್ತಿ ಕೇಳಿಸಿಕೊಂಡು ಕೂಡುತ್ತೇನೆ, ಕೆಟ್ಟ ಸುದ್ದಿಯಲ್ಲವಲ್ಲ ಎಂದು. ವಿಜಯಮಹಾಂತೇಶ ಹುನಗುಂದದ ಸಾಲೆಯಿಂದ ಪಾಠ ಮುಗಿಸಿ ಬಂದವನು ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಏನೋ ಓದುತ್ತಾನೆ, ನಾನು ಹತ್ತಿರ ಹೋದರೆ ಬೋರಲು ಹಾಕುತ್ತಾನೆ. ಪರೀಕ್ಷೆಯಲ್ಲಿ ಚೀಟಿ ಹಿಡಿದ ಹುಡುಗರನ್ನು ಇವನು ಹೇಗೆ ಹಿಡಿಯುತ್ತಾನೋ ದೇವರೇ ಬಲ್ಲ. ನಾಗರತ್ನಾ ಮಂಗಳವಾರ ಬಾದಾಮಿಗೆ ತಾಯಿಯನ್ನು ನೋಡಿ ಬರುತ್ತೇನೆಂದು ಹೋದವಳು ಬನಶಂಕರಿಗೂ ಹೋಗಿ ಬಂದಿದ್ದಾಳೆ. ಅಲ್ಲಿ ಏನು ಬೇಡಿಕೊಂಡಳೋ ಹೇಳುವುದಿಲ್ಲ. ಇಷ್ಟಲಿಂಗ ಕಟ್ಟಿಕೊಂಡವಳು ಗುಡಿಗೆ ಯಾಕೆ ಹೋದೆ ಎಂದು ಚೇಷ್ಟೆ ಮಾಡಿದರೆ ಮೊದಲಿನ ಹಾಗೆ ಮೈಮೇಲೆ ಬರಲಿಲ್ಲ, "ಹೌದ್ರಿ, ತಪ್ಪಾತು" ಎಂದಳು. ಅದು ನನಗೆ ಸರಿಯೆನಿಸಲಿಲ್ಲ. ಮೂವತ್ತೆರಡು ವರ್ಷ ಬೈದವಳು ಬೈಯುವುದನ್ನು ಬಿಟ್ಟಿದ್ದಾಳೆ. ಸಾರಿಗೆ ಉಪ್ಪು ಕಡಿಮೆ ಎಂದರೂ "ಹಾಕಿ ಕೊಡತೇನಿ ತಡೀರಿ" ಎನ್ನುತ್ತಾಳೆ. ಸ್ಕ್ಯಾನಿಂಗಿನ ಚಿತ್ರಕ್ಕಿಂತ ಅವಳ ಈ ಮೆತ್ತನೆಯ ಮಾತು ನನ್ನನ್ನು ಹೆಚ್ಚು ಹೆದರಿಸುತ್ತದೆ.

ಟಂಟಂ ಆಟೋ ಓಡಿಸುವ ಆಸಿಫ ದಿನಾ ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕೂಡುತ್ತಾನೆ. ನನ್ನ ಜೊತೆ ಸಾಲೆ ಕಲಿತವನು, ನಿನಗೆ ಗೊತ್ತು. ಜಡ್ಡಿನ ಮಾತು ಎತ್ತುವುದಿಲ್ಲ. ರಸ್ತೆ ಅಗೆದಿದ್ದಾರೆ, ಟೈರು ಸವೆದಿದೆ, ಇಂಥವೇ. ಮೊನ್ನೆ ಮಾತ್ರ ಎದ್ದು ಹೋಗುವಾಗ ತಿರುಗಿ ನಿಂತು, ಅವನ ಅತ್ತೆ ರಂಜಾನಬಿಗೆ ಇದೇ ಆಗಿತ್ತು, ಕೆರೆದು ತೆಗೆದ ಮೇಲೆ "ಒಂಬತ್ತ ವರ್ಷ ಗಟ್ಟಿಮುಟ್ಟಾಗಿ ಇದ್ದಳಲೇ" ಎಂದ. ಧೈರ್ಯ ತುಂಬಲಿಕ್ಕೆ ಹೇಳಿದ್ದು. ಅವನು ಹೋದ ಮೇಲೆ ನಾನು ಕೂಡಿಸಿ ನೋಡಿದೆ. ಐವತ್ತೆಂಟಕ್ಕೆ ಒಂಬತ್ತು ಸೇರಿದರೆ ಅರವತ್ತೇಳು. ನೀನು ಇನ್ನೊಂದು ವರ್ಷಕ್ಕೆ ಮುಟ್ಟುವ ವಯಸ್ಸು. ಸಾಲದು ಎನಿಸಿತು ಅಕ್ಕಾ. ಇಷ್ಟು ದಿನ ಯಾರಾದರೂ ಕೇಳಿದರೆ "ನಂದೇನೈತಿ, ಮಗ ನೌಕರಿಗೆ ಹತ್ತಿದ, ಎಲ್ಲಾ ಮುಗದೈತಿ" ಎಂದು ದೊಡ್ಡಸ್ತಿಕೆಯ ಮಾತಾಡುತ್ತಿದ್ದವನು ನಾನೇ. ಕಟ್ಟೆಯ ಮೇಲೆ ಕೂತು ಒಂಬತ್ತು ವರ್ಷವನ್ನು ಹದಿನೈದು ಮಾಡಿ, ಹದಿನೈದನ್ನು ಇಪ್ಪತ್ತು ಮಾಡಿ ಯಾರೊಂದಿಗೋ ಚೌಕಾಶಿ ಮಾಡುತ್ತಿದ್ದೆ. ನಗು ಬಂತು. ಆದರೂ ಇಪ್ಪತ್ತರಿಂದ ಕೆಳಗೆ ಇಳಿಯಲಿಲ್ಲ.

ಇಷ್ಟೆಲ್ಲ ಆದರೂ ಹೆದರಿಕೆ ಎಂಬುದು ಸರಿಯಾಗಿ ನನ್ನ ಕೈಗೆ ಸಿಕ್ಕಿರಲಿಲ್ಲ. ಬೇರೆ ಯಾರದೋ ಜಡ್ಡು, ನಾನು ಜೊತೆಗೆ ಬಂದವನು ಎಂಬ ಹಾಗೆ ಇದ್ದೆ. ಅದು ಸಿಕ್ಕಿದ್ದು ಸೋಮವಾರ. ಎರಡು ಕೆ.ಜಿ. ನೂಲಿನ ಸಣ್ಣ ಕೆಲಸವೊಂದು ಉಳಿದಿತ್ತು. ನಾಗರತ್ನಾ ಸಂತೆಗೆ ಹೋದಾಗ, ಬೇಡವೆಂದರೂ ಕೇಳದೆ, ಸಣ್ಣ ಹಂಡೆ ಹಚ್ಚಿದೆ. ನೀರು ಕಾಯಿತು, ಬಣ್ಣ ಬಿಟ್ಟೆ, ಅದು ನೂಲಿಗೆ ಹಿಡಿಯಲು ಉಪ್ಪು ಹಾಕಬೇಕು. ಹಾಕಿದೆನೋ ಇಲ್ಲವೋ ನೆನಪಾಗಲಿಲ್ಲ. ಮನಸ್ಸು ಎಲ್ಲೋ ಇತ್ತು. ಉಪ್ಪು ಬಿದ್ದಿದೆಯೋ ಎಂದು ನೋಡುವುದು ಹೇಗೆ ಎಂದು ನೀನೇ ಕಲಿಸಿದ್ದೆಯಲ್ಲ. ನನಗಾಗ ಏಳೋ ಎಂಟೋ ವರ್ಷ. ಅವ್ವ ಸತ್ತ ಮರುವರ್ಷ. ಅಪ್ಪ ಹಂಡೆಯ ಮುಂದೆ ಕೋಲು ಹಿಡಿದು ನಿಂತಿದ್ದ, ನೀನು ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು, ಬೆರಳು ಅದ್ದಿ, ಮೊದಲು ನಿನ್ನ ನಾಲಿಗೆಗೆ, ಆಮೇಲೆ ನನ್ನ ನಾಲಿಗೆಗೆ ಮುಟ್ಟಿಸಿ, "ಸಾರಿನಂಗ ಹತ್ತಿದ್ರ ಸಾಕು, ಸಮುದ್ರದಂಗ ಹತ್ತಬಾರದು" ಎಂದೆ. ನೀನು ಸಮುದ್ರ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಆವತ್ತಿನಿಂದ ಉಪ್ಪಿನ ಅನುಮಾನ ಬಂದಾಗಲೆಲ್ಲ ಅದನ್ನೇ ಮಾಡಿದ್ದೇನೆ. ಸೋಮವಾರವೂ ಬೆರಳು ಅದ್ದಿದೆ. ಬಾಯಿಯ ಹತ್ತಿರ ತಂದೆ. ಅಲ್ಲಿಂದ ಮುಂದೆ ಕೈ ಹೋಗಲಿಲ್ಲ.

ಬೆರಳಿನ ತುದಿಯಲ್ಲಿ ಒಂದು ಹನಿ ಕೆಂಪು. ಅದು ಕೆಳಗೆ ಬೀಳುವ ತನಕ ನೋಡುತ್ತಾ ನಿಂತೆ. ಉರಿ ಆರಿಸಿ ಕಟ್ಟೆಯ ಮೇಲೆ ಕೂತುಬಿಟ್ಟೆ. ನನಗೆ ಹೆದರಿಕೆಯಾಗಿದೆ ಅಕ್ಕಾ, ಇದನ್ನು ನಿನಗೆ ಬಿಟ್ಟು ಇನ್ನಾರಿಗೂ ಬರೆಯುವುದಿಲ್ಲ. ಸಾಯುವುದಕ್ಕಿಂತ, ನನಗೆ ಅನ್ನ ಕೊಟ್ಟ ಕೈಗೆಲಸವೇ ಒಳಗಿನಿಂದ ನನ್ನನ್ನು ತಿನ್ನುತ್ತಾ ಬಂದಿತ್ತು ಎಂದು ಕಾಗದದ ಮೇಲೆ ಓದಬೇಕಾಗುತ್ತದಲ್ಲ, ಅದರ ಹೆದರಿಕೆ. ಸಿಟ್ಟು ಬರುತ್ತಿಲ್ಲ. ಯಾರ ಮೇಲೆ ಬರಬೇಕು? ಅಪ್ಪನಿಗೆ ಗೊತ್ತಿರಲಿಲ್ಲ, ಪುಡಿ ಮಾರಿದ ಅಂಗಡಿಯವನಿಗೂ ಗೊತ್ತಿರಲಿಲ್ಲ. ಆ ನೂಲು ಅರ್ಧ ಬಣ್ಣದಲ್ಲಿ ಹಾಗೇ ನೆನೆದು ಕೆಟ್ಟುಹೋಯಿತು. ನಲವತ್ತೈದು ವರ್ಷದಲ್ಲಿ ನಾನು ಕೆಡಿಸಿದ ಮೊದಲ ನೂಲು ಎಂದು ಹೇಳಿಕೊಳ್ಳಬಹುದಿತ್ತು, ಆದರೆ ನಿನಗೆ ಎಲ್ಲ ಗೊತ್ತಿರುವುದರಿಂದ ಹೇಳುವುದಿಲ್ಲ. ನಾಗರತ್ನಾ ಸಂತೆಯಿಂದ ಬಂದು ಹಂಡೆ ನೋಡಿದಳು, ನನ್ನನ್ನು ನೋಡಿದಳು. ಅವತ್ತು ಒಂದು ಸಲ ಮಾತ್ರ ಸರಿಯಾಗಿ ಬೈದಳು. ಆಮೇಲೆ ಇಬ್ಬರೂ ಚಹಾ ಕುಡಿದೆವು.

ಗುರುವಾರ ಬೆಳಗಿನ ಬಸ್ಸಿಗೆ ನಾನು, ನಾಗರತ್ನಾ ಬಾಗಲಕೋಟೆಗೆ ಹೋಗುತ್ತೇವೆ. ಹನ್ನೊಂದು ಗಂಟೆಗೆ ಡಾಕ್ಟರು ಕರೆಯುತ್ತಾರೆ. ನೀನು ಇಲ್ಲಿಯ ತನಕ ದಣಿದು ಬರುವುದು ಬೇಡ. ಒಳ್ಳೆಯದಾದರೂ ಕೆಟ್ಟದ್ದಾದರೂ ನಿನ್ನ ಮಗನ ಫೋನಿಗೆ ತಿಳಿಸುತ್ತೇನೆ, ಅವನು ನಿನ್ನ ಬಲಗಿವಿಯಲ್ಲಿ ಹೇಳುತ್ತಾನೆ. ಗೋಡೆಯ ಮೇಲಷ್ಟೇ ಇದ್ದರೆ ಮೂರು ತಿಂಗಳಿಗೊಮ್ಮೆ ದುರ್ಬೀನು ಹಾಕಿಸಿಕೊಂಡು ಇರಬಹುದಂತೆ, ಹಾಗೆ ಇರುವವರು ಬೇಕಾದಷ್ಟು ಜನ ಇದ್ದಾರಂತೆ. ಒಳಗಿಳಿದಿದ್ದರೆ ದೊಡ್ಡ ಆಪರೇಷನ್ನು. ಸಾದಾ ಗಂಟಾದರೆ ನಾನು ಮೊದಲು ಮಾಡುವ ಕೆಲಸ, ಅಮೀನಗಡದ ಆ ಕರದಂಟಿನಲ್ಲಿ ಎರಡು ಉಂಡೆ ಕದಿಯುವುದು.

ಮಾವನವರಿಗೆ ನನ್ನ ಶರಣು ಹೇಳು, ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಲಿ. ಮೊಮ್ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು. ನೀನು ಊಟ ತಪ್ಪಿಸಬೇಡ, ಮಾತ್ರೆ ತಪ್ಪಿಸಬೇಡ, ಇದನ್ನು ಓದಿ ಅಳಬೇಡ. ಅತ್ತರೆ ಕಣ್ಣೊರೆಸಿಕೊಂಡು ಎದ್ದು ಎಮ್ಮೆ ಹಿಂಡು. ನಿನ್ನ ಆಶೀರ್ವಾದ ತಲೆಯ ಮೇಲಿದೆ ಎಂದುಕೊಂಡಿದ್ದೇನೆ.

ನೀನು ಎತ್ತಿ ಆಡಿಸಿದ ತಮ್ಮ,
ಶಂಕ್ರಪ್ಪ

ತಾ.ಕ. ನಿನ್ನೆ ಲಕೋಟೆ ಅಂಟಿಸಿ, ವಿಳಾಸ ಬರೆದು, ಪೋಸ್ಟ್ ಆಫೀಸಿನ ತನಕ ಹೋಗಿ ತಿರುಗಿ ಬಂದವನು ಇವತ್ತು, ಶನಿವಾರ, ಬಿಚ್ಚಿದ್ದೇನೆ. ಒಂದು ಮಾತು ಬರೆದಿರಲಿಲ್ಲ. ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಖರೆ ಹೇಳಬೇಕೆಂದರೆ ಇಷ್ಟುದ್ದ ಬರೆದದ್ದೇ ಇದಕ್ಕಾಗಿ. ನನ್ನ ಕೆಲಸ ಬರೆದು ಗೆರೆ ಎಳೆದ ಮೇಲೆ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದ್ದರು: "ಮನ್ಯಾಗ ಮತ್ತ ಯಾರ್ಯಾರು ಈ ಬಣ್ಣದಾಗ ಕೈ ಹಾಕ್ಯಾರ್ರಿ?" ನಾನು ತಡಮಾಡದೆ "ನಮ್ಮಪ್ಪ, ನಾ. ಅಪ್ಪ ತೀರಿ ಹೋಗ್ಯಾರ್ರಿ. ಈಗ ನಾ ಒಬ್ಬನ" ಎಂದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ನಿನ್ನ ಹೆಸರು ಬಾಯಿಗೆ ಬರಲೇ ಇಲ್ಲ. ಹಂಡೆಯ ಮುಂದೆ ನಿಂತವನಿಗಷ್ಟೇ ನಾವು ಬಣ್ಣಗಾರ ಎನ್ನುತ್ತೇವೆ. ಲಡಿ ತೊಳೆದವರು, ಹಿಂಡಿದವರು, ಪುಡಿ ಕಲಸಿದವರು, ಉಪ್ಪು ನೋಡಿದವರು ಮನೆಯವರು, ಕೈಯಾಸರೆಗೆ ಇದ್ದವರು, ಅಷ್ಟೇ. ಒಂಬತ್ತನೆಯ ವಯಸ್ಸಿಗೆ ಸಾಲೆ ಬಿಡಿಸಿದ ದಿನದಿಂದ ಇಪ್ಪತ್ಮೂರಕ್ಕೆ ಲಗ್ನವಾಗುವ ತನಕ ನೀನು ಬರಿಗೈಯಲ್ಲಿ ಅದನ್ನೇ ಮಾಡಿದೆ. ಸೋಮವಾರ ಬೆರಳು ಬಾಯಿಯ ಹತ್ತಿರ ನಿಂತಾಗ ಇದು ಹೊಳೆಯಿತು. ಐದು ದಿನ ನಾಚಿಕೆಯಲ್ಲಿ ಕಳೆದೆ. ನಿನ್ನೆ ಪೋಸ್ಟ್ ಆಫೀಸಿನಿಂದ ತಿರುಗಿ ಬಂದ ಮೇಲೆ ನರ್ಗೀಸಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಡಾಕ್ಟರನ್ನು ಕೇಳಿದಳು. "ಕರಕೊಂಡು ಬರ್ರಿ, ತೊಂದರಿ ಏನೂ ಇರಲಿಕ್ಕಿಲ್ಲ, ಆದರ ನೋಡೇ ಬಿಡೋಣು" ಎಂದಿದ್ದಾರೆ. ಮೂತ್ರದ ಪರೀಕ್ಷೆ, ಒಂದು ಸ್ಕ್ಯಾನಿಂಗ್, ಇಷ್ಟೇ, ನೋವಿನದು ಏನಿಲ್ಲ. ಬರುವುದು ಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಗುರುವಾರ ಹತ್ತು ಗಂಟೆಗೆ ಮಗನನ್ನು ಕರೆದುಕೊಂಡು ಬಾಗಲಕೋಟೆಗೆ ಬಾ, ದವಾಖಾನೆಯ ಬಾಗಿಲಲ್ಲಿ ನಿಂತಿರುತ್ತೇನೆ. ನನ್ನ ರಿಪೋರ್ಟು ಆಮೇಲೆ ನೋಡೋಣ, ಮೊದಲು ನಿನ್ನ ಚೀಟಿ ಮಾಡಿಸೋಣ. ಚೀಟಿ ಬರೆಯುವವರು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಮನಿ ಕೆಲಸ ಎನ್ನಬೇಡ ಅಕ್ಕಾ. ಬಣ್ಣದ ಕೆಲಸ, ಹದಿನಾಲ್ಕು ವರ್ಷ ಎಂದು ಹೇಳು. ಅವರು ಕೇಳಿದ್ದು ನಿನಗೆ ಕೇಳಿಸದಿದ್ದರೆ ನಾನೇ ಗಟ್ಟಿಯಾಗಿ ಹೇಳುತ್ತೇನೆ.